ಹಾರ್ನ್ ಹೊಡೆದರೆ ಸೈಕಲ್ ಎಲ್ಲಿಗೆ ಹೋಗಬೇಕು?

ಸೈಕಲ್‌ನವರು ರಸ್ತೆಯ ಅಂಚಿನಲ್ಲೇ ಹೋಗಲಿ ಅಂತ ಬರೆದಿದ್ದೀರಿ. ಸರ್, ಮೈಸೂರಿನ ಹುಣಸೂರು ರಸ್ತೆಯಲ್ಲಿ ಆ ಅಂಚನ್ನು ಒಮ್ಮೆ ನೋಡಿ. ಮರಳು, ಜಲ್ಲಿ, ಸಾಲಾಗಿ ನಿಲ್ಲಿಸಿದ ಕಾರುಗಳು. ಯಾವ ಬಾಗಿಲು ಯಾವಾಗ ತೆರೆಯುತ್ತೋ ಗೊತ್ತಾಗಲ್ಲ. ಅದಕ್ಕೇ ಸ್ವಲ್ಪ ಬಲಕ್ಕೆ ಬರುತ್ತೇವೆ, ಸುಮ್ನೆ ಅಲ್ಲ.

ಮೊನ್ನೆ ಕಾರೊಂದು ಬಿಡದೆ ಹಾರ್ನ್ ಹೊಡೆಯುತ್ತಾ ಬಂತು. ಮೊಣಕೈಗೆ ತಾಗುವಷ್ಟು ಹತ್ತಿರದಿಂದ ಮುಂದೆ ಹೋಗಿ, ಇಂಡಿಕೇಟರ್ ಕೂಡ ಹಾಕದೆ ಎಡಕ್ಕೆ ತಿರುಗಿತು. ಬ್ರೇಕ್ ಹಿಡಿದ ರಭಸಕ್ಕೆ ನನ್ನ ಹಿಂದಿನ ಚಕ್ರ ಜಾರಿತು. ಅಷ್ಟೊಂದು ಅವಸರ ಯಾತಕ್ಕೆ?

2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದ ಊರು ನಮ್ಮ ಮೈಸೂರು. ಸೈಕಲ್ ಕೊಟ್ಟರೆ ಸಾಕಾ, ಓಡಿಸಲು ಜಾಗ ಬೇಡ್ವಾ? ಪೇಪರ್ ಹಾಕುವ ಹುಡುಗರು, ಶಾಲೆ ಮಕ್ಕಳು ಇದೇ ರಸ್ತೆಯಲ್ಲಿ ಬರುತ್ತಾರೆ. ಜಾಗ ಇಲ್ಲದಿದ್ದರೆ ದಯವಿಟ್ಟು ಅರ್ಧ ನಿಮಿಷ ನಮ್ಮ ಹಿಂದೆಯೇ ಬನ್ನಿ.