ಫುಟ್‌ಬಾಲ್ ಕೋಚ್‌ನನ್ನು ಕಪ್ ಎಣಿಸಿ ಅಳೆಯಬಹುದಾ?

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ನ ಕೋಚ್ ಆಗಿದ್ದ ಫರ್ಗುಸನ್ ದೊಡ್ಡವರೋ, ಆರ್ಸೆನಲ್‌ನ ಕೋಚ್ ಆಗಿದ್ದ ವೆಂಗರ್ ದೊಡ್ಡವರೋ? ಹುಬ್ಬಳ್ಳಿ-ಧಾರವಾಡದ ನಮ್ಮ ಭಾನುವಾರದ ಗುಂಪಿನಲ್ಲಿ ಈ ಜಗಳ ವರ್ಷಗಳಿಂದ ನಡೆದಿದೆ. ಮಾತು ಪ್ರತಿ ಸಲ ಒಂದೇ ಕಡೆ ಬಂದು ನಿಲ್ಲುತ್ತದೆ: ಕೋಚ್‌ನ ದೊಡ್ಡತನ ಗೆದ್ದ ಕಪ್‌ಗಳಲ್ಲಿ ಇದೆಯಾ, ಬೇರೆಲ್ಲೋ ಇದೆಯಾ? ಈ ಸಲ ಇಬ್ಬರು ಕೂತು ಬರೆದಿದ್ದೇವೆ. ಮೊದಲನೆಯದು ಹುಬ್ಬಳ್ಳಿಯವರದು, ಎರಡನೆಯದು ಧಾರವಾಡದವರದು.

ಪರ: ಎಣಿಸಲೇಬೇಕು

ಹಾವೇರಿ ಕಡೆಯ ಯಾವುದಾದರೂ ಜಾತ್ರೆಯ ಕುಸ್ತಿ ಕಣದ ಪಕ್ಕ ನಿಂತು ನೋಡಿ. ಪೈಲ್ವಾನ ಗೆದ್ದು ಬೆಳ್ಳಿ ಕಡಗ ಹಾಕಿಸಿಕೊಂಡ ಕೂಡಲೇ ಜನ ಕೇಳುತ್ತಾರೆ, "ಇವನ ವಸ್ತಾದ ಯಾರು?" ಸೋತವನ ವಸ್ತಾದನ ಹೆಸರು ಯಾರೂ ಕೇಳುವುದಿಲ್ಲ. ಕೇಳಲು ಇದು ಕಟುವಾಗಿದೆ, ಆದರೆ ಇದರಲ್ಲಿ ಮೋಸವಿಲ್ಲ.

ವೃತ್ತಿಪರ ಕೋಚ್‌ಗೆ ಸಂಬಳ ಕೊಡುವುದು ಗೆಲ್ಲಿಸುವುದಕ್ಕೆ. ಅಲೆಕ್ಸ್ ಫರ್ಗುಸನ್ 1986ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು. ಮೊದಲ ಕಪ್ ಬಂದಿದ್ದು 1990ರಲ್ಲಿ, ಮೊದಲ ಲೀಗ್ ಗೆಲುವು 1993ರಲ್ಲಿ. "ನೋಡಿ, ಅವರಿಗೆ ಟೈಮ್ ಕೊಟ್ಟಿದ್ದು ಎಷ್ಟು ಒಳ್ಳೆಯದಾಯಿತು" ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಒಳ್ಳೆಯದಾಯಿತು? ಆಮೇಲೆ 2013ರವರೆಗೆ 13 ಲೀಗ್, 2 ಚಾಂಪಿಯನ್ಸ್ ಲೀಗ್ ಬಂದವು, ಅದಕ್ಕೆ. ಬರದಿದ್ದರೆ ಅದೇ ತಾಳ್ಮೆಯನ್ನು ನಾವು ಮೊಂಡುತನ ಅನ್ನುತ್ತಿದ್ದೆವು.

ದುಡ್ಡಿದ್ದವರಿಗೇ ಕಪ್ ಅನ್ನುವವರು ಬ್ರಯನ್ ಕ್ಲಫ್ ಅವರನ್ನು ನೋಡಲಿ. ಅವರ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಇಂಗ್ಲೆಂಡಿನ ಎರಡನೇ ಡಿವಿಷನ್‌ನಲ್ಲಿ ಬಿದ್ದಿದ್ದ ತಂಡ. 1977ರಲ್ಲಿ ಮೇಲೆ ಬಂತು, ಮರುವರ್ಷವೇ ಲೀಗ್ ಗೆದ್ದಿತು. 1979 ಮತ್ತು 1980ರಲ್ಲಿ ಸತತ ಎರಡು ಸಲ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಎತ್ತಿತು. ಇದನ್ನು ಮಾತಿನಲ್ಲಿ ಹೊಗಳುವ ಅಗತ್ಯವೇ ಇಲ್ಲ. ನಾಲ್ಕು ಇಸವಿ ಬರೆದರೆ ಸಾಕು.

ನಮ್ಮ ದೇಶದಲ್ಲಿ ಸೈಯದ್ ಅಬ್ದುಲ್ ರಹೀಮ್. ಹೈದರಾಬಾದಿನ ಮೇಷ್ಟ್ರು. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತದಲ್ಲಿ ಮತ್ತೆ ಚಿನ್ನ. ಎಷ್ಟೋ ವರ್ಷ ದೇಶ ಅವರನ್ನು ಮರೆತಿತ್ತು. ಮತ್ತೆ ನೆನಪಿಸಿಕೊಳ್ಳಲು ಒಂದು ಹಿಡಿ ಸಿಕ್ಕಿದ್ದು ಈ ಪದಕಗಳಿಂದಲೇ ಅಲ್ವಾ?

ನನ್ನ ಕೇಳಿದರೆ, ನಾವು ಎಣಿಸುವುದೇ ಕಡಿಮೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ನಂತರ. ಆ ತಂಡದ ಕೋಚ್ ರವಿ ಬಾಬು ರಾಜು. ನಮ್ಮ ಗುಂಪಿನಲ್ಲಿ ಕೇಳಿದೆ, ಒಬ್ಬರಿಗೂ ಹೆಸರು ಗೊತ್ತಿರಲಿಲ್ಲ. ವೆಂಗರ್ ತಂಡ ಯಾವ ವರ್ಷ ಹೇಗೆ ಆಡಿತು ಅಂತ ಎಲ್ಲರಿಗೂ ಬಾಯಿಪಾಠ.

ಈ ವಿಷಯದಲ್ಲಿ ನನಗೆ ಒಂದು ಗಾಯವೂ ಇದೆ. ನನ್ನ ಮಗಳನ್ನು ಎರಡು ವರ್ಷ ಒಂದು ಕೋಚಿಂಗ್ ಕೇಂದ್ರಕ್ಕೆ ಕಳಿಸಿದೆ. ತಿಂಗಳು ತಪ್ಪದೆ ಫೀಸು ಕಟ್ಟಿದೆ. ಕೇಳಿದಾಗಲೆಲ್ಲ "ಪ್ರೊಸೆಸ್ ನಡೀತಿದೆ ಸರ್, ಬುನಾದಿ ಹಾಕ್ತಿದ್ದೇವೆ" ಅನ್ನುವ ಉತ್ತರ. ಆ ಎರಡು ವರ್ಷದಲ್ಲಿ ಮಕ್ಕಳನ್ನು ಒಂದೇ ಒಂದು ಟೂರ್ನಿಗೂ ಕರೆದುಕೊಂಡು ಹೋಗಲಿಲ್ಲ. ಗೆಲುವು-ಸೋಲು ಲೆಕ್ಕಕ್ಕಿಲ್ಲ ಅಂದ ದಿನ ಇಂಥವರಿಗೆ ಬಾಗಿಲು ತೆರೆದಂತೆ. ಬೋರ್ಡಿನ ಮೇಲೆ ಸ್ಕೋರು ಇದ್ದರೆ ಅಪ್ಪ-ಅಮ್ಮ ಕಣ್ಣಾರೆ ಓದಬಹುದು. ಬುನಾದಿ ಯಾರ ಕಣ್ಣಿಗೆ ಬೀಳುತ್ತದೆ?

ವಿರೋಧ: ಕಪ್ ಒಂದು ಕಡೆ ಇಡಿ

ಗೆಳೆಯರು ರಹೀಮ್ ಸಾಹೇಬರ ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿದ್ದಾರೆ. 1952, ಹೆಲ್ಸಿಂಕಿ ಒಲಿಂಪಿಕ್ಸ್. ಯುಗೋಸ್ಲಾವಿಯ 10, ಭಾರತ 1. ಆಗಲೂ ಕೋಚ್ ಅವರೇ. ನಮ್ಮವರಲ್ಲಿ ಬಹಳ ಜನ ಬರಿಗಾಲಲ್ಲಿ ಆಡಿದ್ದರು. ಸುಮ್ನೆ ಎಣಿಸುವವರ ಕೈಗೆ ಅವತ್ತು ಅಧಿಕಾರ ಕೊಟ್ಟಿದ್ದರೆ ರಹೀಮ್ ಅಲ್ಲಿಗೇ ಮುಗಿಯುತ್ತಿದ್ದರು. ಮೆಲ್ಬರ್ನ್ ಇರುತ್ತಿರಲಿಲ್ಲ, ಜಕಾರ್ತವೂ ಇರುತ್ತಿರಲಿಲ್ಲ.

ಪದಕದ ಹಿಂದೆ ಆ ಮನುಷ್ಯ ಏನು ಮಾಡುತ್ತಿದ್ದರು ಅನ್ನುವುದು ನನಗೆ ಮುಖ್ಯ. ಹೈದರಾಬಾದಿನಲ್ಲಿ ಅವರು ವಿಚಿತ್ರ ಟೂರ್ನಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಡ್ರಿಬ್ಲಿಂಗ್, ಅಂದರೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವುದು, ಮಾಡುವಂತಿಲ್ಲ, ಚೆಂಡು ಬಂದ ಕೂಡಲೇ ಪಾಸ್ ಕೊಡಬೇಕು. ಇನ್ನೊಂದರಲ್ಲಿ ನಿಮ್ಮ ಕಾಲುಗಳಲ್ಲಿ ಯಾವುದು ಸೋಮಾರಿಯೋ ಆ ಕಾಲಿನಲ್ಲೇ ಆಡಬೇಕು. ಆಟಗಾರನ ಕೊರತೆ ಎಲ್ಲಿದೆ ಅಂತ ಹುಡುಕಿ, ಅದನ್ನೇ ಆಟ ಮಾಡಿ ಕೊಟ್ಟ ಮೇಷ್ಟ್ರು ಅವರು. 1962ರಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮ್ ಆ ಜರ್ನೈಲ್ ಅವರನ್ನೇ ಮುಂದೆ ತಂದು ಫಾರ್ವರ್ಡ್ ಆಗಿ ಆಡಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ 2-1ರಿಂದ ಗೆದ್ದೆವು. ಒಂದು ಗೋಲು ಜರ್ನೈಲ್ ಅವರದು, ಇನ್ನೊಂದು ಪಿ.ಕೆ. ಬ್ಯಾನರ್ಜಿ ಅವರದು. ಮರುವರ್ಷ ಕ್ಯಾನ್ಸರ್‌ನಿಂದ ರಹೀಮ್ ತೀರಿಕೊಂಡರು. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ನಮಗೆ ಮತ್ತೆ ಬಂದಿಲ್ಲ.

ಹಾಗಾದರೆ ಅವರು ಬಿಟ್ಟುಹೋಗಿದ್ದೇನು? ಪಿ.ಕೆ. ಅವರನ್ನೇ ನೋಡಿ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ತಂಡವನ್ನು ಸಜ್ಜು ಮಾಡಿದವರಲ್ಲಿ ಅವರೂ ಒಬ್ಬರು. ಆಮೇಲೆ ಕೋಲ್ಕತ್ತದ ದೊಡ್ಡ ಕ್ಲಬ್‌ಗಳಿಗೆ ಕೋಚ್ ಆದರು. 1977ರಲ್ಲಿ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ಎದುರು ಅವರ ಮೋಹನ್ ಬಾಗಾನ್ 2-2 ಡ್ರಾ ಮಾಡಿತು. ಇದನ್ನು ಯಾವ ಕಪ್‌ನ ಖಾನೆಗೆ ಸೇರಿಸುತ್ತೀರಿ? ರಹೀಮ್ ಅವರ ಹೆಸರಿಗೆ ಇದರಲ್ಲಿ ಒಂದು ಪಾಲೂ ಇಲ್ಲವಾ?

ಕ್ಲಫ್ ವಿಷಯ ಒಪ್ಪುತ್ತೇನೆ, ಅವರು ದೊಡ್ಡವರೇ. ಆದರೆ 1979ರ ಫೈನಲ್‌ನಲ್ಲಿ ಗೋಲು ಹೊಡೆದ ಟ್ರೆವರ್ ಫ್ರಾನ್ಸಿಸ್ ಅವರನ್ನು ಕೊಂಡಿದ್ದು 10 ಲಕ್ಷ ಪೌಂಡ್‌ಗೆ. ಬ್ರಿಟನ್‌ನಲ್ಲಿ ಅಷ್ಟು ಬೆಲೆ ಕೊಟ್ಟಿದ್ದು ಅದೇ ಮೊದಲು. ದುಡ್ಡು ಅಲ್ಲೂ ಇತ್ತು. ವೆಂಗರ್ ಕಥೆ ಇದರ ಉಲ್ಟಾ. 2003-04ರಲ್ಲಿ ಆರ್ಸೆನಲ್ ಲೀಗಿನ 38 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 2006ರಲ್ಲಿ ಹೊಸ ಸ್ಟೇಡಿಯಂ ಆಯಿತು, ಸಾಲ ಮೈಮೇಲೆ ಬಂತು. 2005ರಿಂದ 2014ರವರೆಗೆ ಒಂದೂ ಟ್ರೋಫಿ ಇಲ್ಲ. ಆದರೂ ತಂಡ ಪ್ರತಿ ವರ್ಷ ಮೊದಲ ನಾಲ್ಕರೊಳಗೆ ಉಳಿಯಿತು. ಸಾಲ ತೀರಿಸುತ್ತಾ ಮನೆ ನಡೆಸಿದ ಯಜಮಾನನ ಕಷ್ಟ ಗೊತ್ತಿರುವವರು ಈ ಒಂಬತ್ತು ವರ್ಷವನ್ನು ಸೊನ್ನೆ ಅನ್ನುವುದಿಲ್ಲ.

ಇನ್ನು ಇಂಗ್ಲೆಂಡಿನ ಲೆಸ್ಟರ್ ತಂಡದ ಕೋಚ್ ಆಗಿದ್ದ ರಾನಿಯೇರಿ. 2016ರ ಮೇ ತಿಂಗಳಲ್ಲಿ ಲೆಸ್ಟರ್‌ಗೆ ಯಾರೂ ಕನಸಲ್ಲೂ ಎಣಿಸದ ಲೀಗ್ ತಂದುಕೊಟ್ಟರು. 2017ರ ಫೆಬ್ರವರಿಗೆ ಕೆಲಸ ಹೋಯಿತು. ಕಪ್ ಲೆಕ್ಕ ಕೋಚ್‌ಗೆ ಒಂದು ವರ್ಷದ ಮರ್ಯಾದೆಯನ್ನೂ ಉಳಿಸಿಕೊಡಲಿಲ್ಲ.

ನಮ್ಮೂರಿನ ಕಡೆ ಬರುತ್ತೇನೆ. ಕುಂದಗೋಳದ ಸವಾಯಿ ಗಂಧರ್ವರನ್ನು ನಾವು ಹೇಗೆ ನೆನೆಯುತ್ತೇವೆ? ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗುತ್ತಿದ್ದ ಗಂಗೂಬಾಯಿ ಹಾನಗಲ್ ಅವರ ದನಿಯಲ್ಲಿ, ಗದಗಿನ ಭೀಮಸೇನ ಜೋಶಿಯವರ ದನಿಯಲ್ಲಿ. ಗುರು ದೊಡ್ಡವರು ಅನ್ನಲು ಅವರಿಗೆ ಎಷ್ಟು ಪ್ರಶಸ್ತಿ ಬಂತು ಅಂತ ಇಲ್ಲಿ ಯಾರೂ ಕೇಳಿಲ್ಲ. ಅದು ಸಂಗೀತ, ಅಲ್ಲಿ ಸ್ಕೋರ್‌ಬೋರ್ಡ್ ಇಲ್ಲ ಅನ್ನಬಹುದು. ನಿಜ. ಆದರೆ ಕಲಿಸುವ ಕೆಲಸ ಎರಡೂ ಕಡೆ ಒಂದೇ. ಅರ್ಜೆಂಟೀನದ ಕೋಚ್ ಮಾರ್ಸೆಲೊ ಬಿಯೆಲ್ಸಾ ಅವರ ಹೆಸರಲ್ಲಿ ದೊಡ್ಡ ಕಪ್‌ಗಳು ಕಡಿಮೆ. ಆದರೂ ಆಮೇಲೆ ಕಪ್‌ಗಳ ರಾಶಿಯನ್ನೇ ಗೆದ್ದ ಗ್ವಾರ್ಡಿಯೋಲಾ, ಕೋಚ್ ಆಗುವ ಮೊದಲು ಅರ್ಜೆಂಟೀನಕ್ಕೆ ಹೋಗಿ ಗಂಟೆಗಟ್ಟಲೆ ಅವರ ಮುಂದೆ ಕೂತು ಬಂದರು.

ಮಗಳ ವಿಷಯದಲ್ಲಿ ಗೆಳೆಯರಿಗೆ ಆದ ಮೋಸ ನನಗೂ ನೋವು ತಂದಿದೆ. ಅದಕ್ಕೆ ಮದ್ದು ಕಪ್ ಅಲ್ಲ. ಎರಡು ವರ್ಷದ ಮೇಲೆ ಹುಡುಗಿಗೆ ಚೆಂಡು ನಿಲ್ಲಿಸಲು ಬರುತ್ತದಾ, ಆಟದ ಮೇಲಿನ ಆಸೆ ಹೆಚ್ಚಾಗಿದೆಯಾ ಅಂತ ನೋಡಿದ್ದರೆ ಉತ್ತರ ಸಿಗುತ್ತಿತ್ತು. ಬುನಾದಿ ಕಾಣುವುದಿಲ್ಲ ಅಂದರಲ್ಲ, ಮೈದಾನದ ಅಂಚಿನಲ್ಲಿ ಹತ್ತು ನಿಮಿಷ ನಿಂತವರಿಗೆ ಅದು ಕಾಣುತ್ತದೆ.

ನನಗೆ ಧಾರವಾಡದಲ್ಲಿ ಆಟ ಕಲಿಸಿದವರು ಒಬ್ಬ ಪಿ.ಟಿ. ಮೇಷ್ಟ್ರು. ಕೆಂಪು ಮಣ್ಣಿನ ಮೈದಾನ, ಮಳೆ ಬಂದರೆ ಕೆಸರು. ನಾವು ಜಿಲ್ಲಾ ಮಟ್ಟದಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. "ಐದು ವರ್ಷದಲ್ಲಿ ಒಂದು ಶೀಲ್ಡ್ ಇಲ್ಲ" ಅಂತ ಹೇಳಿ ತಂಡವನ್ನು ಅವರ ಕೈಯಿಂದ ಕಿತ್ತುಕೊಂಡರು. ಅವತ್ತು ಅವರು ಚೆಂಡುಗಳ ಗಾಳಿ ಇಳಿಸಿ, ಒರೆಸಿ, ಚೀಲದಲ್ಲಿ ಜೋಡಿಸಿಟ್ಟು ಹೋಗಿದ್ದನ್ನು ನಾನು ನೋಡಿದ್ದೇನೆ. ಆ ತಂಡದ ನಾವು ಮೂವರು ಈಗ ಮಕ್ಕಳಿಗೆ ಕಲಿಸುತ್ತೇವೆ. ಒಬ್ಬ ಗದಗದಲ್ಲಿ, ಒಬ್ಬ ಹಾವೇರಿಯಲ್ಲಿ, ನಾನು ಇಲ್ಲಿ. ವರ್ಷಕ್ಕೊಮ್ಮೆ ಮೂರೂ ಊರಿನ ಮಕ್ಕಳನ್ನು ಸೇರಿಸಿ ಆಡಿಸುತ್ತೇವೆ. ಮೊದಲ ಅರ್ಧ ಗಂಟೆ ಸೋಮಾರಿ ಕಾಲಿನ ಆಟ.