ಚೀಲ ದೊಡ್ಡದು, ಓಟಿ ಕಮ್ಮಿ

ನಮ್ಮೂರ ಸಮುದಾಯ ಭವನದ ಮುಂದೆ ಹೋದ ತಿಂಗಳು ಒಂದು ಬ್ಯಾನರ್ ಕಟ್ಟಿದ್ದರು. ‘ಬದುಕಿನ ಕವಲುದಾರಿಯಲ್ಲಿ ಸರಿಯಾದ ನಿರ್ಧಾರ: ಒಂದು ದಿನದ ಉಚಿತ ಶಿಬಿರ’. ಕೆಳಗೆ ಸಣ್ಣ ಅಕ್ಷರದಲ್ಲಿ ‘ಊಟದ ವ್ಯವಸ್ಥೆ ಇದೆ’ ಎಂದಿತ್ತು. ಜನ ಸೇರಿದ್ದು ಸಣ್ಣ ಅಕ್ಷರ ಓದಿ. ಬ್ಯಾನರಿನಲ್ಲಿ ಅತಿಥಿಗಳ ಫೋಟೋ ಒಂಬತ್ತು ಇದ್ದವು. ದಾರಿ ಗೊತ್ತಾಗದೆ ನಿಂತ ಯುವಕನ ಚಿತ್ರ ಒಂದೇ ಒಂದು. ಅವನೂ ಯಾವುದೋ ಹೊರದೇಶದವನು, ನಮಗೆ ಬೆನ್ನು ಹಾಕಿ ನಿಂತಿದ್ದ.

ನಾನು ಹೋಗಿದ್ದು ಅಕ್ಕನ ಮಗನ ಜೊತೆ. ಅವನಿಗೆ ಇಪ್ಪತ್ತೊಂಬತ್ತು ವರ್ಷ. ಏಳು ವರ್ಷದಿಂದ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಕಂಪನಿಯವರು ಅವನ ಮುಂದೆ ಎರಡು ದಾರಿ ಇಟ್ಟಿದ್ದರು. ಬಡ್ತಿ ತಗೊಂಡು ಹೈದರಾಬಾದ್‌ಗೆ ಹೋಗು, ಇಲ್ಲಾ ಮೂರು ತಿಂಗಳ ಸಂಬಳ ತಗೊಂಡು ಮನೆಗೆ ಹೋಗು. ಹುಡುಗ ಹತ್ತು ದಿನ ರಜೆ ಹಾಕಿ ಊರಿಗೆ ಬಂದ. ಯೋಚನೆ ಮಾಡೋಕೆ ಅಂದ. ಕೊಡಗಿನಲ್ಲಿ ಒಬ್ಬನೇ ಕೂತು ಯೋಚನೆ ಮಾಡಲು ಜಾಗ ಬೇಕಾದಷ್ಟಿದೆ. ಆದರೆ ಕೂರಲು ಬಿಡುವವರು ಯಾರು?

ಹತ್ತು ಗಂಟೆಯ ಶಿಬಿರ ಹನ್ನೊಂದೂವರೆಗೆ ಶುರುವಾಯಿತು. ಅದೇ ದಿನ ಗೋಣಿಕೊಪ್ಪದಲ್ಲಿ ಒಂದು ಮದುವೆ, ವಿರಾಜಪೇಟೆಯಲ್ಲಿ ಒಂದು ಗೃಹಪ್ರವೇಶ ಇತ್ತಂತೆ. ಯಾವುದಕ್ಕೆ ಮೊದಲು ಹೋಗುವುದು ಎಂದು ತೀರ್ಮಾನ ಆಗದೆ ತಡವಾಯಿತು ಎಂದು ಉದ್ಘಾಟಕರೇ ಮೈಕಿನಲ್ಲಿ ಹೇಳಿಕೊಂಡರು. ಅವರಿಗೆ ಅರವತ್ತು ಎಕರೆ ತೋಟ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವರಿಗೆ. ಜೀವನದಲ್ಲಿ ಅವರು ಮಾಡಿದ ದೊಡ್ಡ ತೀರ್ಮಾನ ಅಂದರೆ ಒಬ್ಬನೇ ಮಗನಾಗಿ ಹುಟ್ಟಿದ್ದು. ಅವರು ಯುವಕರಿಗೆ ‘ರಿಸ್ಕ್ ತಗೊಳ್ಳಿ’ ಎಂದು ಕರೆ ಕೊಟ್ಟು, ಗೃಹಪ್ರವೇಶದ ಊಟಕ್ಕೆ ಹೊರಟರು.

ಎರಡನೆಯವರು ನಿವೃತ್ತ ಸೇನಾಧಿಕಾರಿ. ಕೊಡಗಿನ ಯಾವ ವೇದಿಕೆಯೂ ಒಬ್ಬ ನಿವೃತ್ತ ಸೇನಾಧಿಕಾರಿ ಇಲ್ಲದೆ ನೆಟ್ಟಗೆ ನಿಲ್ಲುವುದಿಲ್ಲ. ಅವರು ಎರಡೇ ನಿಮಿಷ ಮಾತಾಡಿದರು. ‘ನಿರ್ಧಾರ ಮಾಡಬೇಕು. ಮಾಡಿದ ಮೇಲೆ ತಿರುಗಿ ನೋಡಬಾರದು. ಜೈ ಹಿಂದ್.’ ಇಡೀ ದಿನ ನನಗೆ ಅರ್ಥವಾದ ಭಾಷಣ ಅದೊಂದೇ.

ಆದರೆ ನಮ್ಮ ಹುಡುಗ ಸುಮ್ನಿರಬೇಕಲ್ಲ. ಎದ್ದು ನಿಂತ. ‘ಸರ್, 1959ರಲ್ಲಿ ಜನರಲ್ ತಿಮ್ಮಯ್ಯನವರು ಸೇನಾ ಮುಖ್ಯಸ್ಥರಾಗಿದ್ದಾಗ ರಾಜೀನಾಮೆ ಕೊಟ್ಟಿದ್ರು ಅಲ್ವಾ? ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಸರಿಹೋಗದೆ? ಆಮೇಲೆ ನೆಹರೂ ಮಾತಾಡಿ ಒಪ್ಪಿಸಿದ ಮೇಲೆ ವಾಪಸ್ ತಗೊಂಡ್ರು. ಅವರೂ ತಿರುಗಿ ನೋಡಿದ ಹಾಗಾಯ್ತಲ್ಲ ಸರ್?’

ಸಭೆ ಗಪ್‌ಚುಪ್. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಬಗ್ಗೆ, ಕೊಡಗಿನಲ್ಲೇ, ಇಂಥ ಪ್ರಶ್ನೆ! ಅಧಿಕಾರಿಗಳು ಮೀಸೆ ಸರಿಮಾಡಿಕೊಂಡರು. ‘ಅದು ಬೇರೆ ವಿಷಯ. ಕೂತ್ಕೊ’ ಅಂದರು. ಹುಡುಗ ಕೂತ. ಆ ಜನರಲ್‌ರ ಹೆಸರಿನದೇ ವೃತ್ತ ಮಡಿಕೇರಿಯಲ್ಲಿದೆ. 2023ರಲ್ಲಿ ಸರ್ಕಾರಿ ಬಸ್ಸೊಂದು ಬಂದು ಗುದ್ದಿ ಅಲ್ಲಿನ ಪ್ರತಿಮೆಯೇ ಉರುಳಿತ್ತು. ಆಮೇಲೆ ರಿಪೇರಿ ಮಾಡಿಸಿ ಮತ್ತೆ ನಿಲ್ಲಿಸಿದರು. ದಾರಿಗಳು ಕೂಡುವಲ್ಲಿ ನಿಂತವನು ಸೇನಾಪತಿಯೇ ಆಗಿರಲಿ, ಬಸ್ಸಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಈ ಮಾತನ್ನು ನಾನು ಸಭೆಯಲ್ಲಿ ಹೇಳಲಿಲ್ಲ. ಊಟ ಇನ್ನೂ ಆಗಿರಲಿಲ್ಲ.

ಮೂರನೆಯವರು ಬೆಂಗಳೂರಿನಿಂದ ಬಂದವರು. ಕಿವಿಯಿಂದ ಬಾಯಿಗೆ ಬಗ್ಗಿದ ಮೈಕು, ಕಾಲಿಗೆ ಬಿಳಿ ಶೂ. ‘ಮನಸ್ಸಿನ ಮಾತು ಕೇಳಿ. ಇಷ್ಟವಿಲ್ಲದ ಕೆಲಸ ಇವತ್ತೇ ಬಿಡಿ. ನಾನೂ ಬಿಟ್ಟೆ’ ಅಂದರು. ಕೆಲಸ ಬಿಡಿ ಎಂದು ಹೇಳುವುದೇ ಈಗ ಅವರ ಕೆಲಸ. ಅದನ್ನು ಅವರು ಬಿಡುವ ಹಾಗೆ ಕಾಣಲಿಲ್ಲ. ‘ಅವಕಾಶ ಅನ್ನೋದು ರೈಲಿನ ಹಾಗೆ. ನಿಮ್ಮ ಸ್ಟೇಷನ್ನಿನಲ್ಲಿ ಒಂದೇ ಸಲ ನಿಲ್ಲುತ್ತದೆ’ ಎಂದು ಬೆರಳೆತ್ತಿದರು. ನಮ್ಮ ಜಿಲ್ಲೆಯಲ್ಲಿ ರೈಲ್ವೆ ಸ್ಟೇಷನ್ನೇ ಇಲ್ಲ. ಜನ ಮುಖ ಮುಖ ನೋಡಿಕೊಂಡರು. ಕೊನೆಗೆ ಎಲ್ಲರೂ ಕಣ್ಣು ಮುಚ್ಚಿ, ಐದು ವರ್ಷದ ನಂತರ ಎಲ್ಲಿರುತ್ತೀರಿ ನೋಡಿಕೊಳ್ಳಿ ಅಂದರು. ಮುಚ್ಚಿದೆವು. ಅಷ್ಟರಲ್ಲಿ ಕರೆಂಟ್ ಹೋಗಿ ಮೈಕ್ ಸತ್ತಿತು. ಕಣ್ಣು ಬಿಡಿ ಎಂದು ಅವರು ಹೇಳಿದ್ದು ಹಿಂದಿನ ಸಾಲಿಗೆ ಕೇಳಲೇ ಇಲ್ಲ. ಅವರು ಕಣ್ಣು ಬಿಟ್ಟಿದ್ದು ಸಾಂಬಾರಿನ ವಾಸನೆಗೆ.

ನನ್ನ ಪಕ್ಕದಲ್ಲಿ ನೆರೆಯ ಎಸ್ಟೇಟಿನ ರೈಟರ್ ಕೂತಿದ್ದರು. ರೈಟರ್ ಅಂದರೆ ಲೇಖಕ ಅಂದುಕೊಳ್ಳಬೇಡಿ. ತೋಟದ ಆಳುಗಳ ಹಾಜರಿ ಬರೆಯುವವರು. ನನ್ನ ಬರಹಕ್ಕಿಂತ ಅವರ ಬರಹಕ್ಕೆ ಬೆಲೆ ಜಾಸ್ತಿ, ವಾರಕ್ಕೊಮ್ಮೆ ಅದನ್ನು ನೋಡಿಯೇ ದುಡ್ಡು ಎಣಿಸುತ್ತಾರೆ. ಅವರು ನನ್ನ ಕಿವಿಯ ಹತ್ತಿರ ಬಗ್ಗಿ, ‘ಚೀಲ ದೊಡ್ಡದು ಸಾರ್, ಓಟಿ ಕಮ್ಮಿ’ ಅಂದರು.

ತೋಟ ಇಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಕಾಫಿ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಅದು ಚೆರ್ರಿ. 50 ಕೆಜಿ ಚೆರ್ರಿ ಚೀಲದಲ್ಲಿ ಸಿಪ್ಪೆಯೆಲ್ಲ ಹೋಗಿ ಎಷ್ಟು ಕೆಜಿ ಬೀಜ ಉಳಿಯುತ್ತದೋ ಅದು ಔಟ್‌ಟರ್ನ್. ನಮ್ಮ ಬಾಯಲ್ಲಿ ಓಟಿ. ಇಪ್ಪತ್ತಾರು, ಇಪ್ಪತ್ತೆಂಟು ಬಂದರೆ ಖುಷಿ. ವ್ಯಾಪಾರಿ ಚೀಲದ ಅಂದ ನೋಡುವುದಿಲ್ಲ. ಸ್ವಲ್ಪ ತೆಗೆದು, ಸಿಪ್ಪೆ ಬಿಡಿಸಿ, ತೂಕ ಹಾಕುತ್ತಾನೆ. ಭಾಷಣಕಾರರನ್ನು ವೇದಿಕೆ ಹತ್ತಿಸುವ ಮೊದಲು ಹೀಗೊಂದು ಸ್ಯಾಂಪಲ್ ತೆಗೆಯುವ ಪದ್ಧತಿ ಇದ್ದಿದ್ದರೆ ನಮಗೆ ಊಟ ಹನ್ನೆರಡಕ್ಕೇ ಸಿಗುತ್ತಿತ್ತು.

ಶಿಬಿರವಾದರೂ ಒಂದೇ ದಿನ. ಮನೆಯಲ್ಲಿ ನಮ್ಮ ಭಾವನ ಶಿಬಿರ ಹನ್ನೊಂದು ವರ್ಷದಿಂದ ನಡೆಯುತ್ತಿದೆ. ಹುಡುಗ ಪಿಯುಸಿ ಮುಗಿಸಿದಾಗ ಅವರು, ‘ತೋಟ ನಂಬಬೇಡ, ಇಂಜಿನಿಯರಿಂಗ್ ಓದು’ ಅಂದಿದ್ದರು. ಕೊರೋನಾ ಕಾಲದಲ್ಲಿ ಅವನು ಊರಿಗೆ ಬಂದು ಲ್ಯಾಪ್‌ಟಾಪ್ ಬಿಚ್ಚಿದಾಗ, ‘ಇಲ್ಲಿ ಕೂತು ಹಾಳಾಗಬೇಡ, ಬೇಗ ಬೆಂಗಳೂರಿಗೆ ಹೋಗು’ ಅಂದರು. 2024ರಲ್ಲಿ ಒಂದು ಚೀಲ ರೊಬಸ್ಟಾ ಚೆರ್ರಿ 10 ಸಾವಿರ ರೂಪಾಯಿ ದಾಟಿತು. ಭಾವನಿಗೆ ರಾತ್ರೋರಾತ್ರಿ ಮಣ್ಣಿನ ಮೇಲೆ ಪ್ರೀತಿ ಉಕ್ಕಿತು. ‘ಯಾರದೋ ಕೈಕೆಳಗೆ ಯಾಕೋ ದುಡೀತೀಯ? ಹಿರಿಯರ ತೋಟ ಇದೆ, ಬಂದು ನೋಡ್ಕೋ.’ ಹಿರಿಯರು ಆ ತೋಟವನ್ನು ಬ್ಯಾಂಕಿನಲ್ಲಿ ಅಡ ಇಟ್ಟಿದ್ದು ಆಗ ಯಾರಿಗೂ ನೆನಪಾಗಲಿಲ್ಲ.

ಈಗ ಬೆಲೆ ಒಂದು ದಿನ ಹತ್ತುತ್ತದೆ, ಒಂದು ದಿನ ಇಳಿಯುತ್ತದೆ. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ರೇಟು ಬರುವವರೆಗೆ ಭಾವ ಮಗನ ಭವಿಷ್ಯದ ಬಗ್ಗೆ ಬಾಯಿ ಬಿಡುವುದಿಲ್ಲ. ಸೋಮವಾರ ಐದು ರೂಪಾಯಿ ಏರಿತು. ‘ಹೈದರಾಬಾದಲ್ಲಿ ಏನಿದೆ ಮಣ್ಣು?’ ಅಂದರು. ಮಂಗಳವಾರ ಆರು ರೂಪಾಯಿ ಇಳಿಯಿತು. ‘ಬಿರಿಯಾನಿ ಚೆನ್ನಾಗಿರುತ್ತಂತೆ’ ಅಂದರು. ಬುಧವಾರ ರೇಟು ಬರಲಿಲ್ಲ, ರೇಂಜ್ ಇರಲಿಲ್ಲ. ಅವತ್ತು ಮನೆಯಲ್ಲಿ ನೆಮ್ಮದಿಯಾಗಿ ತಿಂಡಿ ತಿಂದೆವು.

ಭಾವನನ್ನು ಮಾತ್ರ ಅಂದು ಪ್ರಯೋಜನವಿಲ್ಲ. ರೊಬಸ್ಟಾ ಜಾಸ್ತಿ ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿ ಬರ ಬಿದ್ದರೆ ನಮ್ಮ ಸಿದ್ದಾಪುರದ ಹುಡುಗ ರಾಜೀನಾಮೆ ಬರೆಯುತ್ತಾನೆ. ಅಲ್ಲಿ ಮಳೆ ಚೆನ್ನಾಗಿ ಆದರೆ ಅದೇ ಹುಡುಗ ಪೆನ್ನಿಗೆ ಮುಚ್ಚಳ ಹಾಕಿ ಹಳೇ ಮ್ಯಾನೇಜರಿಗೆ ಗುಡ್ ಮಾರ್ನಿಂಗ್ ಕಳಿಸುತ್ತಾನೆ. ಅರೇಬಿಕಾ ಬೆಳೆಯುವ ಸೋಮವಾರಪೇಟೆ ಕಡೆಯವರ ಜಾತಕ ಬ್ರೆಜಿಲ್‌ನಲ್ಲಿದೆ.

ನನ್ನ ಜಾತಕವೂ ಅಲ್ಲೇ ಇತ್ತು. ನಮ್ಮಪ್ಪನ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕು, ಅವರು ಕಂತಿನಲ್ಲಿ ಕೊಟ್ಟಷ್ಟು ತಗೋಬೇಕು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು, ಬೆಲೆ ಆಕಾಶಕ್ಕೆ ಹೋಯಿತು. 1996ರಲ್ಲಿ ಪೂಲ್ ಕಟ್ಟುಪಾಡೂ ಪೂರ್ತಿ ಹೋಯಿತು. ಯಾರಿಗೆ ಬೇಕಾದರೂ ಮಾರು, ಯಾವಾಗ ಬೇಕಾದರೂ ಮಾರು. ನಾನು ಮೈಸೂರಿನ ಕೆಲಸಕ್ಕೆ ಕೈಮುಗಿದು, ಮನಸ್ಸಿನ ಮಾತು ಕೇಳಿ ಊರಿಗೆ ಬಂದೆ. ಐದಾರು ವರ್ಷದಲ್ಲಿ ಬೆಲೆ ನೆಲ ಕಚ್ಚಿತು. ಕುಯ್ಯುವ ಕೂಲಿಯೂ ಹುಟ್ಟದ ಕಾಲ ಅದು. ಮನಸ್ಸು ಆಮೇಲೆ ಏನೂ ಮಾತಾಡಲಿಲ್ಲ. ಹಾಗಾಗಿ ಹುಡುಗ ‘ನೀವೇನು ಹೇಳ್ತೀರ ಮಾವ?’ ಅಂದಾಗ, ನಾನು ಹಿರಿಯನಿಗೆ ತಕ್ಕ ಹಾಗೆ ಗಂಟಲು ಸರಿಮಾಡಿಕೊಂಡು, ‘ಎರಡರಲ್ಲೂ ಒಳ್ಳೇದಿದೆ, ಎರಡರಲ್ಲೂ ಕೆಟ್ಟದ್ದಿದೆ’ ಅಂದೆ. ಅವನು ಕೈಮುಗಿದ.

ಇನ್ನು ಅಕ್ಕನ ಚಿಂತೆ ಬೇರೆ. ಹೆಣ್ಣು ನೋಡಬೇಕಲ್ಲ. ಅವಳು ಫೋನಿನಲ್ಲಿ ಮಾತಾಡುವುದನ್ನು ನಾನು ಕದ್ದು ಕೇಳಿದೆ. ಕದಿಯುವುದೇನು ಬಂತು, ಸ್ಪೀಕರ್ ಹಾಕಿಯೇ ಮಾತಾಡುತ್ತಾಳೆ.

‘ಹುಡುಗನಿಗೆ ತೋಟ ಎಷ್ಟಕ್ಕಾ?’

‘ಹದಿನೈದು ಎಕರೆ. ಎಲ್ಲಾ ರೊಬಸ್ಟಾ, ಮಧ್ಯೆ ಮೆಣಸು ಇದೆ.’

‘ಒಳ್ಳೇದಾಯ್ತು. ತೋಟ ಇಲ್ಲದ ಕಡೆಗೆ ನಾವು ಕೊಡಲ್ಲ. ಹುಡುಗ ಎಲ್ಲಿರೋದು?’

‘ಈಗ ಬೆಂಗಳೂರು. ತೋಟ ನೋಡ್ಕೊಳ್ಳೋಕೆ ಬಂದ್ರೂ ಬರಬಹುದು.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಅಯ್ಯೋ, ತೋಟ ನೋಡ್ಕೊಳ್ಳೋ ಹುಡುಗ ಬೇಡಕ್ಕಾ. ನಮ್ಮ ಹುಡುಗಿ ಆನೆ, ಜಿಗಣೆ, ಮಳೆ ಎಲ್ಲ ತಡ್ಕೊಳ್ಳಲ್ಲ.’

ಅಂದರೆ ತೋಟ ಕೊಡಗಿನಲ್ಲಿರಬೇಕು, ತೋಟದವನು ಇರಬಾರದು. ನಮ್ಮ ಮದುವೆ ಮಾರ್ಕೆಟ್ಟಿನಲ್ಲಿ ಎರಡು ದಾರಿಯಲ್ಲೂ ಒಟ್ಟಿಗೆ ನಡೆಯುವ ಗಂಡಿಗೆ ಮಾತ್ರ ಬೇಡಿಕೆ. ಹುಡುಗಿಯನ್ನು ಯಾರೂ ಕೇಳಿದ ಹಾಗಿಲ್ಲ. ಅವಳೂ ಬೆಂಗಳೂರಿನ ಯಾವುದೋ ಪಿಜಿಯಲ್ಲಿ ಕೂತು ಇದೇ ಯೋಚನೆ ಮಾಡುತ್ತಿರಬಹುದು.

ಯಾವುದೂ ತೀರ್ಮಾನ ಆಗದವರಿಗೆ ನಮ್ಮಲ್ಲಿ ಮೂರನೇ ದಾರಿ ಇದೆ. ಹೋಂಸ್ಟೇ. ಖಾಲಿ ರೂಮಿಗೆ ಬಣ್ಣ ಬಳಿದು, ರಸ್ತೆಗೊಂದು ಬೋರ್ಡು ನೆಟ್ಟು, ಸಂಜೆ ಬೆಂಕಿ ಹಾಕಿದರೆ ಮುಗಿಯಿತು. ಬೆಂಗಳೂರಿನಿಂದ ಬರುವ ಗೆಸ್ಟುಗಳು ಎರಡನೇ ರಾತ್ರಿ ಮಾಲೀಕನ ಹೆಗಲ ಮೇಲೆ ಕೈ ಹಾಕಿ, ‘ಕೆಲಸ ಬಿಟ್ಟು ಇಲ್ಲೇ ಬಂದುಬಿಡೋಣ ಅನ್ಸುತ್ತೆ ಬ್ರೋ, ಎಕರೆಗೆ ಎಷ್ಟಿದೆ?’ ಎಂದು ಕೇಳುತ್ತಾರೆ. ಮಾಲೀಕ ರೇಟು ಹೇಳಿ, ‘ನನ್ನ ಮಗನಿಗೆ ನಿಮ್ಮ ಕಂಪನಿಯಲ್ಲಿ ಏನಾದ್ರೂ ಇದ್ರೆ ನೋಡಿ’ ಅನ್ನುತ್ತಾನೆ. ಬರುವವರೂ ಹೋಗುವವರೂ ಹುಣಸೂರಿನ ಒಂದೇ ಹೋಟೆಲಿನಲ್ಲಿ ಎದುರುಬದುರು ಕೂತು ದೋಸೆ ತಿನ್ನುತ್ತಾರೆ.

ಮನುಷ್ಯರನ್ನು ಬಿಡಿ. 2023ರಲ್ಲಿ ನಮಗೆ ಕೊಡಗು ವಿಶ್ವವಿದ್ಯಾಲಯ ಬಂತು. ಮಕ್ಕಳು ಹೊರಗೆ ಹೋಗಿ ಓದುವುದು ತಪ್ಪಿತು ಎಂದು ನಾವು ಹಿಗ್ಗಿದೆವು. 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವುದು ಒಳ್ಳೆಯದು ಎಂದಿತು. ಅದರಲ್ಲಿ ನಮ್ಮದೂ ಒಂದು. ದಾರಿ ಕೇಳಲು ಹೋದ ವಿದ್ಯಾರ್ಥಿಯನ್ನೇ ವಿಶ್ವವಿದ್ಯಾಲಯ ನಿಲ್ಲಿಸಿ, ‘ನನ್ನ ಬಗ್ಗೆ ಏನಾದ್ರೂ ಕೇಳಿದ್ಯಾ?’ ಅನ್ನುವ ಹಾಗಾಯಿತು. ಬಹುಶಃ ಅದನ್ನೂ ಶಿಬಿರಕ್ಕೆ ಕರೆಯಬೇಕಿತ್ತು.

ಎಂಟನೇ ದಿನ ಹುಡುಗನಿಗೆ ಕಂಪನಿಯ ಮೀಟಿಂಗ್ ಇತ್ತು. ನಮ್ಮ ತೋಟದಲ್ಲಿ ರೇಂಜ್ ಸಿಗುವುದು ಗುಡ್ಡದ ಮೇಲಿನ ಒಂದು ಬಂಡೆಯಲ್ಲಿ ಮಾತ್ರ. ನಾನು ಕೊಡೆ ಹಿಡಿದು ಜೊತೆಗೆ ಹೋಗಿದ್ದೆ. ಆ ಕಡೆಯವರು ಏನೋ ಕೇಳಿದರು. ಇವನು ಉತ್ತರ ಕೊಡಲು ಬಾಯಿ ತೆರೆದವನು ಹಾಗೇ ನಿಂತ. ಕೆಳಗೆ ಹಲಸಿನ ಮರದ ಹತ್ತಿರ ಆನೆ. ‘ನನಗೆ ಹತ್ತು ನಿಮಿಷ ಕೊಡಿ’ ಎಂದು ಪಿಸುಗುಟ್ಟಿ ಮೈಕ್ ಆಫ್ ಮಾಡಿದ. ಹುಡುಗ ಬಹಳ ಆಳವಾಗಿ ಯೋಚಿಸುತ್ತಾನೆ ಎಂದು ಅವರು ಅಂದುಕೊಂಡಿರಬೇಕು. ಆನೆ ಒಂದು ಹಣ್ಣು ಕಿತ್ತಿತು, ಮೂಸಿತು, ಬಿಟ್ಟಿತು. ಇನ್ನೊಂದು ಕಿತ್ತಿತು, ತಿಂದಿತು. ಹೋಯಿತು.

ಹತ್ತನೇ ದಿನ ಅವನನ್ನು ಬಸ್ಸಿಗೆ ಬಿಡಲು ಕುಶಾಲನಗರಕ್ಕೆ ಹೋದೆ. ‘ಕೊನೆಗೆ ಏನು ತೀರ್ಮಾನ ಮಾಡ್ದೆ?’ ಎಂದು ಕೇಳಿದೆ.

‘ಹೈದರಾಬಾದ್‌ಗೆ ಹ್ಞೂ ಅಂದು ಹನ್ನೆರಡು ದಿನ ಆಯ್ತು ಮಾವ. ಊರಿಗೆ ಬರೋ ಮೊದಲೇ.’

‘ಮತ್ತೆ ಮೀಟಿಂಗಲ್ಲಿ ಕೇಳಿದ್ದು?’

‘ಅಲ್ಲಿ ಮನೆ ಸಿಕ್ತಾ ಅಂತ.’

‘ಶಿಬಿರಕ್ಕೆ ಯಾಕೆ ಬಂದೆ ಹಾಗಾದ್ರೆ?’

‘ಊಟ ಇದೆ ಅಂತ ಹಾಕಿದ್ರಲ್ಲ. ಅಲ್ದೆ ನೀವೆಲ್ಲ ಅಷ್ಟು ಖುಷಿಯಾಗಿ ಯೋಚನೆ ಮಾಡ್ತಿದ್ರಿ. ಯಾಕೆ ಕೆಡಿಸ್ಬೇಕು ಅಂತ ಸುಮ್ನಿದ್ದೆ’ ಅಂದು ಬಸ್ ಹತ್ತಿದ.

ಮನೆಗೆ ಬಂದು ಭಾವನಿಗೆ ಹೇಳಿದೆ. ಅವತ್ತು ರೇಟು ನಾಲ್ಕು ರೂಪಾಯಿ ಇಳಿದಿತ್ತು. ಭಾವ ಎದೆಯುಬ್ಬಿಸಿ, ‘ನಾನು ಮೊದಲಿಂದಲೂ ಅದನ್ನೇ ಹೇಳ್ತಾ ಬಂದಿದ್ದೀನಿ. ಈ ಸಲ ನನ್ನ ಮಾತು ಕೇಳ್ದ ನೋಡು’ ಅಂದರು. ಅಷ್ಟರಲ್ಲಿ ಅವರ ಫೋನ್ ಟಿಂಗ್ ಅಂದಿತು. ಕನ್ನಡಕ ಹಾಕಿಕೊಂಡು ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಗೋಡೆಯ ಗಡಿಯಾರ ನೋಡಿದರು.

‘ಬಸ್ಸು ಹುಣಸೂರು ದಾಟಿರುತ್ತಾ?’