ಚೀಟಿ ತಂದವನೇ ಕಳ್ಳ

ಪೇಪರಿನಲ್ಲಿ ಆ ಫೋಟೋ ನೀವೂ ನೋಡಿರುತ್ತೀರಿ. ಯಾವ ವರ್ಷದ್ದಾದರೂ ಫೋಟೋ ಅದೇ. ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಗುಳಿಗೆ ಸ್ಟ್ರಿಪ್ಪುಗಳ ಸಾಲು, ಹಿಂದೆ ಸಾಹೇಬರ ಸಾಲು, ತುದಿಯಲ್ಲಿ ಮುಖಕ್ಕೆ ಕರ್ಚೀಫು ಸುತ್ತಿಕೊಂಡ ಇಬ್ಬರು ಹುಡುಗರು. ಕೆಳಗೆ ‘ನಶೆ ಗುಳಿಗೆ ಮಾರಾಟ ಜಾಲ ಪತ್ತೆ’. ಹಿಡಿಯಲಿ, ಹಿಡಿಯಲೇಬೇಕು. ನನ್ನ ತಕರಾರು ಫೋಟೋದ ಮೇಲಲ್ಲ, ಅದರ ಮರುದಿನದ ಮೇಲೆ. ಮರುದಿನ ಬೆಳಗ್ಗೆ ರಾಯಚೂರಿನ ಮೆಡಿಕಲ್ ಅಂಗಡಿಗಳೆಲ್ಲ ಒಮ್ಮೆಲೇ ಮಡಿ ಉಟ್ಟುಕೊಂಡುಬಿಡುತ್ತವೆ. ನಿನ್ನೆ ಇದ್ದ ಗುಳಿಗೆ ಇವತ್ತು ಇಲ್ಲ. ಡ್ರಾದಲ್ಲಿ ಇದ್ದರೂ ಇಲ್ಲ. ಜಾಲದವರು ಬೇರೆ ಊರಿಂದ ತರಿಸಿಕೊಂಡು ಎಂದಿನಂತೆ ವ್ಯಾಪಾರ ನಡೆಸುತ್ತಾರೆ. ಸಿಕ್ಕಿಬೀಳುವವನು ಮಾತ್ರ ಕೈಯಲ್ಲಿ ಡಾಕ್ಟರ ಚೀಟಿ ಹಿಡಿದು ಕುಂಟುತ್ತ ಬಂದವನು.

ಆ ಕುಂಟುವವನು ನಾನು. ನನ್ನ ಸೊಂಟದ ಕತೆ ಬೇಗ ಮುಗಿಸುತ್ತೇನೆ, ಏಕೆಂದರೆ ಸೊಂಟದ ಕತೆ ಹೇಳುವವರನ್ನು ಕಂಡರೆ ನನಗೂ ಆಗುವುದಿಲ್ಲ. ಡಿಸ್ಕು ಜಾರಿತು. ಆಪರೇಷನ್ ಆಯಿತು. ಎಂಆರ್‌ಐ ಫಿಲ್ಮಿನಲ್ಲಿ ಎಲ್ಲ ಸರಿಹೋಗಿದೆ, ನನ್ನಲ್ಲಿ ಹೋಗಿಲ್ಲ. ಎಡಗಾಲಿನ ನರವೊಂದು ಊರೆಲ್ಲ ಮಲಗಿದ ಮೇಲೆ ಎದ್ದು ಕೂರುತ್ತದೆ. ಮೂರು ತಿಂಗಳು ದಾಟಿದ ನೋವು ಬರೀ ಲಕ್ಷಣ ಅಲ್ಲ, ಅದೇ ಒಂದು ಕಾಯಿಲೆ ಅಂತ ಡಾಕ್ಟರು ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಅದಕ್ಕೊಂದು ನಂಬರೂ ಇದೆಯಂತೆ: ಎಂಜಿ30. ಕೇಳಿ ಬಹಳ ಸಂತೋಷವಾಯಿತು. ಕಲ್ಯಾಣ ಕರ್ನಾಟಕದವರಿಗೆ ನಂಬರಿನ ಬೆಲೆ ಗೊತ್ತು. ಸಂವಿಧಾನದಲ್ಲಿ ನಮಗೆ ವಿಶೇಷ ಸ್ಥಾನದ 371ಜೆ ಸಿಕ್ಕಿತು, ಹಿಗ್ಗಿದೆವು. ಉಳಿದದ್ದು ಹಿಂದಿನಿಂದ ಬರುತ್ತದೆ ಅಂತ ಕಾದು ಕೂತಿದ್ದೇವೆ.

ರಾತ್ರಿಗೆ ಒಂದು ಟ್ರಮಡಾಲ್ ಅಂತ ಡಾಕ್ಟರು ಬರೆದರು. ಅಫೀಮಿನ ಜಾತಿಯ ನೋವಿನ ಗುಳಿಗೆ, ನಶೆಗೂ ನುಂಗುವವರಿದ್ದಾರೆ. ಸ್ಟೇಷನ್ ರೋಡಿನ ಒಂದು ಮೆಡಿಕಲ್ಲಿಗೆ ಹೋದೆ. ಅಂಗಡಿಯಾತ ಚೀಟಿ ಬಿಡಿಸಿ ಟ್ಯೂಬ್‌ಲೈಟಿಗೆ ಹಿಡಿದ. ಐನೂರರ ನೋಟನ್ನೂ ಅವನು ಹಾಗೆ ಹಿಡಿಯುವುದಿಲ್ಲ.

‘ಯಾರಿಗ್ರಿ ಸರ ಇದು?’

‘ನನಗ.’

‘ನಿಮಗಾ?’ ಅಂದವನು ಚಪ್ಪಲಿಯಿಂದ ಶುರುಮಾಡಿ ತಲೆಯವರೆಗೆ ನೋಡಿದ. ‘ಚಲೋ ಅದೀರಲ್ಲ ಸರ. ಇಂಥಾದ್ದೆಲ್ಲ ಯಾಕ ತೊಗೊತೀರಿ?’

‘ಡಾಕ್ಟರು ಬರದಾರಪ.’

‘ಬರದಾರ, ಖರೆ. ಆದ್ರ ಇದು ಹೈದರಾಬಾದ್ ಚೀಟಿ ಐತಿ. ನಮ್ಮ ಕಡಿ ನಡಿಯಂಗಿಲ್ರಿ.’

ಇಲ್ಲಿ ಸ್ವಲ್ಪ ನಿಲ್ಲಬೇಕು. ರಾಯಚೂರಿನವರಿಗೆ ಹೈದರಾಬಾದು ಪರದೇಶ ಯಾವಾಗ ಆಯಿತು? 1948ರವರೆಗೆ ನಿಜಾಮರ ಪ್ರಜೆಗಳಾಗಿದ್ದೆವು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದೆವು. ಇವತ್ತಿಗೂ ಯಾರಿಗಾದರೂ ಎದೆನೋವು ಬಂದರೆ ಅಂಬ್ಯುಲೆನ್ಸಿನ ಮೂತಿ ತಾನಾಗೇ ಹೈದರಾಬಾದ್ ದಾರಿಯ ಶಕ್ತಿನಗರದ ಕಡೆ ತಿರುಗುತ್ತದೆ. ಕೃಷ್ಣಾ ಸೇತುವೆ ದಾಟಿದರೆ ಬದುಕಿದ ಅಂತ ಲೆಕ್ಕ. ರೋಗಿ ನಡೆಯುತ್ತಾನೆ, ರೊಕ್ಕ ನಡೆಯುತ್ತದೆ, ಎಕ್ಸ್‌ರೇ ನಡೆಯುತ್ತದೆ, ಹೆಣವೂ ವಾಪಸು ನಡೆಯುತ್ತದೆ. ಚೀಟಿ ಮಾತ್ರ ಸೇತುವೆಯ ಮೇಲೆ ಪ್ರಾಣ ಬಿಡುತ್ತದೆ. ಅದೇ ಹೈದರಾಬಾದ್ ಡಾಕ್ಟರು ಅದೇ ಚೀಟಿಯಲ್ಲಿ ಬರೆದ ಗ್ಯಾಸ್ ಗುಳಿಗೆಗೆ ಈ ಗಡಿ ವಿವಾದ ಇಲ್ಲ. ಅದನ್ನು ಅಂಗಡಿಯಾತ ಕೇಳುವ ಮೊದಲೇ ತೆಗೆದು ಕವರಿಗೆ ಹಾಕಿದ್ದ.

ಹೋಗಲಿ, ಇಲ್ಲಿಯೇ ತೋರಿಸಬಾರದೇ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ನಮ್ಮೂರಿಗೆ ಏಮ್ಸ್ ಕೊಡಿ ಅಂತ 2022ರಲ್ಲಿ ಧರಣಿ ಕೂತರು. ಅದು ಸಾವಿರ ದಿನ ದಾಟಿತು. ಸಾವಿರ ದಿನ ನೆಲದ ಮೇಲೆ ಕೂತರೆ ಎಂಥವರ ಸೊಂಟವೂ ಹೋಗುತ್ತದೆ. ಹಾಗಾಗಿ ಏಮ್ಸ್ ಬರುವ ದಿನ ರೋಗಿಗಳಿಗೇನೂ ಕೊರತೆಯಾಗುವುದಿಲ್ಲ. ಧರಣಿಯವರೇ ಮೊದಲ ಪಾಳಿ.

ಮೆಡಿಕಲ್ಲಿಗೆ ವಾಪಸು ಬರೋಣ. ನಾನು ಬಹಳ ಒತ್ತಾಯಿಸಿದ ಮೇಲೆ ಅಂಗಡಿಯಾತ ಒಳಗಿನ ಹುಡುಗನಿಗೆ ಒದರಿದ: ‘ಏ ಮಲ್ಲ್ಯಾ, ಆ ನಶೆದ್ ಗುಳಿಗಿ ಉಳದಾವೇನ್ ನೋಡೋ, ಲೆಕ್ಚರ್ ಸರಗ ಬೇಕಂತ!’ ರೋಡಿನ ಆಚೆ ಸೋಡಾ ಅಂಗಡಿಯವನೂ ತಿರುಗಿ ನೋಡಿದ. ಪಕ್ಕದಲ್ಲಿದ್ದ ಹೆಣ್ಣುಮಗಳು ಮಗುವನ್ನು ತನ್ನ ಆ ಬದಿಗೆ ಎಳೆದುಕೊಂಡಳು.

ಅದೇ ಹೊತ್ತಿಗೆ ಹಳ್ಳಿಯಿಂದ ಬಂದವನೊಬ್ಬ ಕೈ ಚಾಚಿದ. ‘ಯಣ್ಣಾ, ನಡಾ ಹಿಡದೈತಿ. ನಾಕ್ ಹೊತ್ತಿಂದು ಗುಳಿಗಿ ಕಟ್ಟು.’ ಅಂಗಡಿಯಾತನ ಕತ್ತರಿ ತಾನಾಗೇ ಕುಣಿಯಿತು. ಕೆಂಪುದೊಂದು, ಬಿಳಿದೊಂದು, ಸಣ್ಣದೊಂದು, ಮತ್ತೆ ಕೆಂಪುದೊಂದು. ಹೆಸರು, ತಾರೀಖು ಇರುವ ಬದಿ ಕತ್ತರಿಸಿ ಹೋಗಿ, ಯಾವುದು ಏನೆಂದು ಅಂಗಡಿಯಾತನೊಬ್ಬನಿಗೇ ಗೊತ್ತು. ಹಳೆ ಪೇಪರಿನ ತುಂಡಿನಲ್ಲಿ ಪುಡಿಕೆ ಕಟ್ಟಿದ. ಆ ಪೇಪರು ನಶೆ ಗುಳಿಗೆ ಹಿಡಿದ ಸುದ್ದಿಯದೇ ಆಗಿದ್ದರೂ ಆಶ್ಚರ್ಯವಿಲ್ಲ. ಯಾರಿಗೆ ಅಂತ ಕೇಳಲಿಲ್ಲ, ಬಿಪಿ ಐತೇನು ಕೇಳಲಿಲ್ಲ, ಹೊಟ್ಟೆಹುಣ್ಣು ಐತೇನು ಕೇಳಲಿಲ್ಲ. ಆ ಪುಡಿಕೆಯ ಕೆಂಪು ಗುಳಿಗೆ ನೋವು ಇಳಿಸುವ ಡೈಕ್ಲೋಫೆನಾಕ್ ಇರಬಹುದು, ಆ ಸಣ್ಣದು ಸ್ಟೆರಾಯ್ಡ್ ಇರಬಹುದು. ಎರಡೂ ಕೂಡಿ ಸೊಂಟವನ್ನು ಮಧ್ಯಾಹ್ನದೊಳಗೆ ಎಬ್ಬಿಸಿ ನಿಲ್ಲಿಸುತ್ತವೆ. ವರ್ಷಗಟ್ಟಲೆ ನುಂಗಿದರೆ ಜಠರಕ್ಕೆ ತೂತು, ಕಿಡ್ನಿಗೆ ಕುತ್ತು, ಮೂಳೆ ಪುಡಿ. ಸ್ಟೆರಾಯ್ಡಿನಿಂದ ಮುಖ ಊದಿದರೆ ಊರವರು ‘ಭಾಳ ಆರಾಮಾಗ್ಯಾನ, ಮೈ ತುಂಬ್ಯಾನ’ ಅನ್ನುತ್ತಾರೆ. ಅವನು ರೊಕ್ಕ ಎಣಿಸಿ ಕೊಟ್ಟು, ಅಲ್ಲೇ ನೀರು ಕೇಳಿ, ಒಂದು ಹೊತ್ತಿನದು ನುಂಗಿ ಹೋದ. ಯಾರೂ ಮಗುವನ್ನು ಎಳೆದುಕೊಳ್ಳಲಿಲ್ಲ.

ಡೈಕ್ಲೋಫೆನಾಕ್ ಅಂದಾಗ ರಣಹದ್ದು ನೆನಪಾಗುತ್ತದೆ. ದನಗಳಿಗೆ ಈ ಔಷಧ ಕೊಡುತ್ತಿದ್ದರು. ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಹೋಗಿ ಅವು ದೇಶದ ತುಂಬ ರಾಶಿರಾಶಿ ಸತ್ತವು. ಸರ್ಕಾರ ಎಚ್ಚೆತ್ತು 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ರಾಮನಗರದ ಬೆಟ್ಟದಲ್ಲಿ ಅವಕ್ಕೊಂದು ಧಾಮವೂ ಆಯಿತು. ಮಾನ್ವಿ, ಸಿಂಧನೂರು ಕಡೆ ಭತ್ತದ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡಿ, ಸಂಜೆ ಇದೇ ಗುಳಿಗೆ ನುಂಗಿ ಮಲಗುವ ಹೆಣ್ಣುಮಕ್ಕಳಿಗೆ ರೆಕ್ಕೆ ಇದ್ದಿದ್ದರೆ ಅವರ ಕಿಡ್ನಿಯ ಬಗ್ಗೆಯೂ ಒಂದು ಅಧಿಸೂಚನೆ ಬರುತ್ತಿತ್ತೇನೋ. ಅವರ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಬೇರೆ. ಕೀಲು ಬಿಗಿಯುವುದು, ಬೆನ್ನು ಬಾಗದಿರುವುದು ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ನೀರಿನ ಜೊತೆ ಉಚಿತ.

ಇನ್ನು ನಮ್ಮೂರಲ್ಲಿ ನೋವು ಮರೆಯಲು ಚೀಟಿಯೇ ಬೇಡದ ದಾರಿಯೊಂದು ಇರುವುದು ನಿಮಗೆಲ್ಲ ಗೊತ್ತು. ಸೇಂದಿ. ಈಚಲ ಮರದ ಸೇಂದಿ ಅಂದುಕೊಂಡರೆ ನೀವು ಈ ಊರಿನವರಲ್ಲ. ನೀರು, ಸಿಎಚ್ ಪೌಡರು, ಬಿಳಿ ಬಣ್ಣ ಬರಲು ಏನೋ ಒಂದು. ಮರ ಹತ್ತುವ ಕಷ್ಟವೇ ಇಲ್ಲ. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್, ಒಂದು ಕಾಲದಲ್ಲಿ ನಿದ್ದೆಗೆ ಡಾಕ್ಟರುಗಳು ಕೊಡುತ್ತಿದ್ದ ಔಷಧ. ಅಂದರೆ ಔಷಧವೇ! ಅಬಕಾರಿಯವರು ಹಿಡಿಯುತ್ತಲೇ ಇರುತ್ತಾರೆ, ಅದು ಬರುತ್ತಲೇ ಇರುತ್ತದೆ. ಇದರಲ್ಲಿ ಚೀಟಿಯಿಲ್ಲ, ರಿಜಿಸ್ಟರಿಲ್ಲ, ಗಡಿ ವಿವಾದವಂತೂ ಮೊದಲೇ ಇಲ್ಲ. ರಾತ್ರಿ ನೋವಿಗೆ ಅಳುವವನಿಗೆ ಊರು ಹೇಳುವ ಬುದ್ಧಿಮಾತು ಸರಳ: ಗುಳಿಗಿ ಬ್ಯಾಡಪ, ಚಟ ಹತ್ತತೈತಿ, ಒಂದ್ ಪಾಕೀಟ್ ಹಾಕಿ ಮಲಗು.

ರಿಜಿಸ್ಟರ್ ಅಂದೆನಲ್ಲ. ಅದನ್ನು ನೋಡುವ ಭಾಗ್ಯ ನನಗೆ ಸಿಕ್ಕಿತು. ಎಚ್1 ರಿಜಿಸ್ಟರು, ಅಂದರೆ ಚೀಟಿಯಿಲ್ಲದೆ ಕೊಡಬಾರದ, ಕೊಟ್ಟರೆ ಬರೆದಿಡಬೇಕಾದ ಔಷಧಗಳ ಪಟ್ಟಿಯದು. ಉದ್ದನೆಯ ಪುಸ್ತಕ, ದಾರ ಕಟ್ಟಿದ ಬಾಲ್‌ಪೆನ್ನು. ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟರು, ಎಲ್ಲ ಬರೆದು ಮೂರು ವರ್ಷ ಇಡಬೇಕೆಂದು 2014ರಿಂದ ಜಾರಿಯಲ್ಲಿರುವ ನಿಯಮ. 2018ರಲ್ಲಿ ಟ್ರಮಡಾಲನ್ನು ಮಾದಕವಸ್ತು ಕಾಯ್ದೆಯ ಕೆಳಗೂ ತಂದರು. ನನಗೆ ಇದರಲ್ಲಿ ತಕರಾರಿಲ್ಲ, ಬರೆಯಲಿ. ಆದರೆ ಅದೇ ಎಚ್1 ಪಟ್ಟಿಯಲ್ಲಿ ಸೆಫಿಕ್ಸಿಮ್ ಅನ್ನುವ ಆಂಟಿಬಯಾಟಿಕ್ ಕೂಡ ಇದೆ ಸ್ವಾಮಿ. ಗಂಟಲು ಕೆರೆದರೆ, ಮಗುವಿಗೆ ಭೇದಿಯಾದರೆ ಕಡಲೆಪುರಿಯ ಹಾಗೆ ಕೊಡುವ ಅದೇ ಸೆಫಿಕ್ಸಿಮ್. ಪುಟ ತಿರುವಿ ನೋಡಿದೆ. ಇಡೀ ಪುಟದಲ್ಲಿ ನಾನೊಬ್ಬನೇ. ರಾಯಚೂರಿನಲ್ಲಿ ಆ ತಿಂಗಳು ಬೇರೆ ಯಾರಿಗೂ ಗಂಟಲು ಕೆರೆದಿಲ್ಲ.

ಮನೆಗೆ ಬಂದರೆ ಬಳಗ. ನೋವಿರುವವನ ಮನೆಯಲ್ಲಿ ವೈದ್ಯರಿಗೆ ಬರವಿಲ್ಲ. ಕಾಕಾ ಒಬ್ಬರು ಯೋಗ ಅಂದರು, ಅತ್ತೆ ಹರಳೆಣ್ಣೆ ಅಂದರು, ಇನ್ನೊಬ್ಬರು ಎಲ್ಲ ಮನಸ್ಸಿನಲ್ಲಿರುತ್ತದೆ ಅಂದರು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಬೀಗರ ಸಲಹೆ: ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಬಿಡುತ್ತದೆ. ಲಿಂಗಸುಗೂರು ಕಡೆ ಅಂಥವನೊಬ್ಬ ಇದ್ದಾನಂತೆ, ಬೆಳಗಿನ ಜಾವವೇ ಜನ ಬಂದು ಕೂರುತ್ತಾರಂತೆ. ಎರಡು ಸ್ಕ್ರೂ, ಒಂದು ರಾಡು ಇರುವ ಬೆನ್ನಿಗೆ ಒದೆಯಬಹುದಾ ಅಂತ ಕೇಳಿದೆ. ‘ನಂಬಿಕಿ ಇರಬೇಕಪ’ ಅಂದರು. ನಮ್ಮ ಊರಲ್ಲಿ ಒದೆಯನ್ನು ನಂಬಬಹುದು, ಗುಳಿಗೆಯನ್ನು ನಂಬಬಾರದು. ಕಾಲೇಜಿನಲ್ಲಂತೂ ಪಕ್ಕದ ಕುರ್ಚಿಯವರು ಬಾಯ್ತುಂಬ ಗುಟ್ಕಾ ಇಟ್ಟುಕೊಂಡು, ಉಗುಳಲು ಎದ್ದು ಹೋಗಿ ಬಂದು, ‘ಅಡಿಕ್ಟ್ ಆಗ್ತೀರಿ ನೋಡ್ರಿ ಸರ, ಮನಿತನ ಹಾಳಾಗ್ತೈತಿ’ ಅಂತ ಕಾಳಜಿ ತೋರಿಸಿದರು.

ಚಟ ಹತ್ತುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಹತ್ತುತ್ತದೆ, ಅದಕ್ಕೇ ಡಾಕ್ಟರು, ಅದಕ್ಕೇ ಚೀಟಿ, ಅದಕ್ಕೇ ಅಳತೆ. ಅಮೆರಿಕದಲ್ಲಿ ಕಂಪನಿಗಳು ಏನೂ ಆಗುವುದಿಲ್ಲ ಅಂತ ಸುಳ್ಳು ಹೇಳಿ ಮಾರಿ ಲಕ್ಷಾಂತರ ಜನ ಸತ್ತದ್ದೂ ನಿಜ. ಆದರೆ ದಿನಾ ತೆಗೆದುಕೊಂಡು ಮೈ ಒಗ್ಗುವುದು ಬೇರೆ, ಚಟ ಬೇರೆ. ಮೈ ಒಗ್ಗಿದ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬೆವರು, ನಡುಕ, ಭೇದಿ, ನಿದ್ದೆಯಿಲ್ಲ; ಹಾಗಾಗಿ ಡಾಕ್ಟರು ವಾರವಾರ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ‘ಸ್ಟಾಕ್ ಇಲ್ರಿ’ ಅನ್ನುವ ಅಂಗಡಿಯಾತ ಒಂದೇ ಮಾತಿನಲ್ಲಿ ಇಳಿಸಿಬಿಡುತ್ತಾನೆ. ಆಮೇಲೆ ನಾನು ನಡುಗುತ್ತ ಮೂರನೇ ಅಂಗಡಿಯ ಮುಂದೆ ನಿಂತರೆ, ‘ನೋಡ್ರಿ, ಹೆಂಗ ನಡುಗಾಕ ಹತ್ಯಾರ, ನಾ ಹೇಳಿದ್ದಿಲ್ಲಾ?’

ಇಷ್ಟು ಹೊತ್ತು ನಕ್ಕೆವು. ನಮ್ಮ ಓಣಿಯ ಹಿಂದೆ ಒಬ್ಬ ಮುದುಕಿ ಬಾಯಿ ಕ್ಯಾನ್ಸರಿನಿಂದ ಸತ್ತಳು. ಇನ್ನು ಮಾಡುವುದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಕೈಗೆ ಕೊಟ್ಟು ಕಳಿಸಿದ್ದು ಪ್ಯಾರಾಸಿಟಮಾಲ್. ಮಾರ್ಫಿನ್ ಎಲ್ಲಿ ಸಿಗುತ್ತದೆ ಅಂತ ಮಗ ಸುತ್ತಿದ. ಆ ಹೆಸರು ಎತ್ತಬೇಡ, ಪೊಲೀಸ್ ಕೇಸಾಗುತ್ತದೆ ಅಂತ ಹೆದರಿಸಿ ಕಳಿಸಿದರು. ರಾತ್ರಿ ಅವಳು ಒದರುವುದು ನಮ್ಮ ಮನೆಗೆ ಕೇಳುತ್ತಿತ್ತು. ಓಣಿಯವರು ಟಿವಿಯ ಸೌಂಡು ಏರಿಸಿಕೊಂಡೆವು.

ಮಾರ್ಫಿನ್ ತಯಾರಾಗುವುದು ಅಫೀಮಿನಿಂದ. ಈ ದೇಶದಲ್ಲಿ ಅಫೀಮಿಗೆ ಬರ ಇಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರವೇ ಲೈಸೆನ್ಸು ಕೊಟ್ಟು ಬೆಳೆಸುತ್ತದೆ. ನೀಮಚ್ ಮತ್ತು ಗಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆ, ಗಾಜಿಪುರದ್ದು ಈಸ್ಟ್ ಇಂಡಿಯಾ ಕಂಪನಿ ಕಾಲದ್ದು. ಹೊರದೇಶಕ್ಕೆ ಮಾರುತ್ತೇವೆ, ಅಲ್ಲಿಯವರ ನೋವಿಗೆ ಔಷಧವಾಗುತ್ತದೆ. ಟಪೆಂಟಡಾಲ್ ಅನ್ನುವ ಬಲವಾದ ನೋವಿನ ಔಷಧಕ್ಕೆ ಇನ್ನೊಂದನ್ನು ಬೆರೆಸಿ ಪಶ್ಚಿಮ ಆಫ್ರಿಕಾದ ಬೀದಿಗಳಿಗೆ ನಶೆಯ ಗುಳಿಗೆ ಕಳಿಸುವವರೂ ನಮ್ಮಲ್ಲೇ ಇದ್ದಾರೆಂದು 2025ರ ಫೆಬ್ರವರಿಯಲ್ಲಿ ಬಿಬಿಸಿಯವರು ತೋರಿಸಿದರು, ಆಮೇಲೆ ಸರ್ಕಾರ ಆ ಬೆರಕೆಯನ್ನು ನಿಷೇಧಿಸಿತು. 1985ರ ಮಾದಕವಸ್ತು ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಅದು ತಪ್ಪೆಂದು ಗೊತ್ತಾಗಿ 2014ರಲ್ಲಿ ಪಾರ್ಲಿಮೆಂಟು ಕಾಯ್ದೆ ತಿದ್ದಿತು. ಮಾರ್ಫಿನ್, ಫೆಂಟಾನಿಲ್, ಕೋಡೀನ್ ಸೇರಿ ಆರು ಔಷಧಗಳಿಗೆ ಹತ್ತು ಕಚೇರಿ ತಿರುಗುವುದು ಬೇಡ, ರಾಜ್ಯದ ಔಷಧ ನಿಯಂತ್ರಕರ ಒಂದು ಮಾನ್ಯತೆ ಸಾಕು ಅಂದರು. ಕೇರಳದವರು ಅದಕ್ಕೂ ಮೊದಲೇ, 1993ರಲ್ಲಿ, ಕೋಝಿಕೋಡಿನಲ್ಲಿ ಶುರುಮಾಡಿ ಮನೆಮನೆಗೆ ಹೋಗಿ ನೋವು ಇಳಿಸುತ್ತಿದ್ದಾರೆ. ಕಾನೂನು ತಿದ್ದಿ ಇಷ್ಟು ವರ್ಷವಾಯಿತು. ತಿದ್ದಿದ್ದು ದಿಲ್ಲಿಯಲ್ಲಿ, ಭಯ ಮಾತ್ರ ಇನ್ನೂ ಹಳೆಯ ಕಾಯ್ದೆಯನ್ನೇ ಓದುತ್ತಿದೆ. ಆ ಮುದುಕಿಗೆ ಬೇಕಾಗಿದ್ದದ್ದು ಕೆಲವೇ ರೂಪಾಯಿಯ ಗುಳಿಗೆ. ಅವಳಿಗೆ ಚಟ ಹತ್ತುತ್ತದೆ ಅಂತ ಹೆದರಿದ ಪುಣ್ಯಾತ್ಮರು ಯಾರು? ಎಷ್ಟು ವರ್ಷದ ಚಟ ಹತ್ತುತ್ತಿತ್ತು ಅವಳಿಗೆ?

ನನ್ನ ವಿಷಯ ಅಷ್ಟು ದೊಡ್ಡದಲ್ಲ. ನನಗೆ ಕುಂಟುತ್ತಲಾದರೂ ಹೈದರಾಬಾದಿಗೆ ಹೋಗಿ ಬರುವ ಶಕ್ತಿ ಇದೆ, ಒದರಾಡಲು ಪೇಪರಿನಲ್ಲಿ ಕಾಲಂ ಇದೆ. ಆದ್ದರಿಂದ ಔಷಧ ಇಲಾಖೆಗೆ, ಪೊಲೀಸರಿಗೆ, ಏಮ್ಸ್ ಕೊಡುವವರಿಗೆ ಏನೂ ಕೇಳುವುದಿಲ್ಲ. ಅವರು ಫೋಟೋಕ್ಕೆ ಮೇಜು ಜೋಡಿಸುವುದರಲ್ಲಿರಲಿ. ಮೆಡಿಕಲ್ ಅಂಗಡಿಯ ಅಣ್ಣಂದಿರಿಗೆ ಮಾತ್ರ ಒಂದು ಮಾತು. ಚೀಟಿ ನೋಡ್ರಿ, ಆಧಾರ್ ಬೇಕಾದರೆ ಆಧಾರ್ ಕೇಳ್ರಿ, ರಿಜಿಸ್ಟರಿನಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಹೆಸರೂ ಬರಕೊಳ್ರಿ. ಗುಳಿಗಿ ಇದ್ದರ ಕೊಡ್ರಿ, ಇಲ್ಲಂದ್ರ ಇಲ್ಲ ಅನ್ರಿ, ಯಾವಾಗ ಬರ್ತೈತಿ ಹೇಳ್ರಿ. ಆದರ ಮಲ್ಲ್ಯಾನ್ನ ಕರಿಯೋ ಮುಂದ ಸ್ವಲ್ಪ ಮೆತ್ತಗ ಕರೀರಿ.